ಕಂಪವಾತದವರಿರುವ ಮನೆಗೆ ಒಂದು ಪಾಠ



ಬೆಳೆಗೆ ಬರುವ ರೋಗಗಳ ಮಾತು ಈ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಈ ಸಲ ಬೆಳೆಯುವವರಿಗೇ ಬರುವ ಒಂದು ಕಾಯಿಲೆಯ ವಿಷಯ ತಿಳಿಯೋಣ. ನಾನು ಕೃಷಿ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಆದರೆ ಮೈಸೂರು ನಗರದ ಅಂಚಿನಲ್ಲಿ ಎಲೆತೋಟ ಮಾಡಿಕೊಂಡಿದ್ದ ನನ್ನ ಸೋದರಮಾವನವರಿಗೆ ಆರು ವರ್ಷಗಳಿಂದ ಈ ಕಾಯಿಲೆ ಇದೆ. ವೈದ್ಯರು ನಮಗೆ ಹೇಳಿಕೊಟ್ಟದ್ದನ್ನೂ, ಆ ಮನೆಯಲ್ಲಿ ನಾವು ತಪ್ಪಿ ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ.

ಮಾವನವರು ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುವುದರಲ್ಲಿ ಬಲು ಚುರುಕು. ಒಂದು ವರ್ಷ ಅವರ ಬಲಗೈ ನಿಧಾನವಾಯಿತು. ನಡೆಯುವಾಗ ಆ ಕೈ ಬೀಸುತ್ತಿರಲಿಲ್ಲ. ಮುಖದಲ್ಲಿ ನಗು ಕಾಣದಾಯಿತು. ಮಾತು ಮೆತ್ತಗಾಯಿತು. ಸಹಿ ಸಣ್ಣದಾಗುತ್ತ ಬಂದು, ಒಂದು ಕಚೇರಿಯಲ್ಲಿ ‘ಸಹಿ ಹೊಂದುವುದಿಲ್ಲ’ ಎಂದು ಕಾಗದ ಹಿಂದಕ್ಕೆ ಕೊಟ್ಟರು. ಕೆಲವರು ಮುಪ್ಪು ಎಂದರು, ಕೆಲವರು ಸೋಮಾರಿತನ ಎಂದರು. ಹೇಳಲು ನಾಚಿಕೆಯಾಗುತ್ತದೆ, ನಾನೂ ‘ಬೇಗ ಬನ್ನಿ ಮಾವ’ ಎಂದು ಎಷ್ಟೋ ಸಲ ಗದರಿದ್ದೇನೆ. ಕೈ ನಡುಗತೊಡಗಿದ ಮೇಲೆಯೇ ನಾವು ಆಸ್ಪತ್ರೆಯ ದಾರಿ ಹಿಡಿದದ್ದು.

ಈ ಕಾಯಿಲೆ ಎಂದರೇನು?

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಎಂಬವರು ಈ ಕಾಯಿಲೆಯನ್ನು ವಿವರಿಸಿ ಬರೆದರು. ಆದ್ದರಿಂದ ಇದಕ್ಕೆ ಅವರ ಹೆಸರೇ ಬಂದಿದೆ. ನಮ್ಮ ಆಯುರ್ವೇದದವರು ಇದನ್ನು ಕಂಪವಾತ ಎನ್ನುತ್ತಾರೆ. ಪಾರ್ಶ್ವವಾಯು ಬೇರೆ, ಇದು ಬೇರೆ. ಪಾರ್ಶ್ವವಾಯು ಥಟ್ಟನೆ ಹೊಡೆಯುತ್ತದೆ. ಇದು ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ.

ನಮ್ಮ ಮಿದುಳಿನಲ್ಲಿ ಡೋಪಮೈನ್ ಎಂಬ ರಸವನ್ನು ತಯಾರಿಸುವ ಜೀವಕೋಶಗಳಿವೆ. ಅವು ಸಾಯುತ್ತ ಬಂದರೆ ಕೈಕಾಲುಗಳಿಗೆ ಸರಿಯಾದ ಅಪ್ಪಣೆ ಹೋಗುವುದಿಲ್ಲ. ಆಗ ನಡುಕ, ಬಿಗಿತ, ನಿಧಾನ ಇವು ಕಾಣಿಸುತ್ತವೆ. ನಡುಕವಿಲ್ಲದೆಯೂ ಈ ಕಾಯಿಲೆ ಇರಬಹುದು. ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇವು ಎಷ್ಟೋ ವರ್ಷ ಮುಂಚೆಯೇ ಕಾಣಬಹುದು. ಸಾಮಾನ್ಯವಾಗಿ 60 ವರ್ಷ ದಾಟಿದವರಲ್ಲಿ ಹೆಚ್ಚು. ಚಿಕ್ಕ ವಯಸ್ಸಿನವರಿಗೂ ಬರುವುದುಂಟು. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ.

ರೈತರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಪ್ಯಾರಾಕ್ವಾಟ್ ಎಂಬ ಕಳೆನಾಶಕ, ರೋಟೆನೋನ್ ಎಂಬ ಕೀಟನಾಶಕ ಇವುಗಳನ್ನು ಬಳಸಿದವರಲ್ಲಿ ಈ ಕಾಯಿಲೆ ಹೆಚ್ಚಾಗಿ ಕಂಡಿದೆಯೆಂದು ಅಧ್ಯಯನಗಳು ತೋರಿಸಿವೆ. ಒಬ್ಬೊಬ್ಬ ರೋಗಿಗೂ ಔಷಧಿ ಹೊಡೆದದ್ದೇ ಕಾರಣವೆಂದು ಹೇಳಲಾಗದು. ಆದರೂ ಬರಿಗೈಯಲ್ಲಿ ಔಷಧಿ ಕಲಸುವುದನ್ನೂ, ಗಾಳಿಗೆ ಎದುರಾಗಿ ಹೊಡೆಯುವುದನ್ನೂ ಇಂದೇ ನಿಲ್ಲಿಸಿ.

ಗುಳಿಗೆಯೂ ಸರದಿ ನೀರೂ

ಈ ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲ. ಆದರೆ ಒಳ್ಳೆಯ ಔಷಧಿ ಇದೆ. ಅದರಲ್ಲಿ ಮುಖ್ಯವಾದುದು ಲೆವೊಡೋಪ. ಮಿದುಳಿಗೆ ಹೋಗಿ ಅದೇ ಡೋಪಮೈನ್ ಆಗುತ್ತದೆ.

ಕಾಲುವೆಯ ಕೊನೆಯ ಗದ್ದೆಯನ್ನು ನೆನೆಯಿರಿ. ತೂಬು ತೆಗೆದಾಗ ನೀರು ಬರುತ್ತದೆ, ಮುಚ್ಚಿದರೆ ಒಣಗುತ್ತದೆ. ಸರದಿ ತಪ್ಪಿದರೆ ಪೈರು ಬಾಡುತ್ತದೆ. ಕಾಯಿಲೆ ಹಳೆಯದಾದಂತೆ ಒಂದು ಗುಳಿಗೆಯ ಬಲ ಕೆಲವೇ ಗಂಟೆ ನಿಲ್ಲುತ್ತದೆ. ಆದ್ದರಿಂದ ಗುಳಿಗೆ ಎಷ್ಟು ಎಂಬುದರಷ್ಟೇ ಯಾವ ಹೊತ್ತಿಗೆ ಎಂಬುದೂ ಮುಖ್ಯ.

ಇದು ನಮಗೆ ತಿಳಿದದ್ದು ಹೀಗೆ. ಎರಡು ವರ್ಷದ ಹಿಂದೆ ಮಾವನವರು ಬದುವಿನ ಮೇಲೆ ಬಿದ್ದು ಸೊಂಟದ ಮೂಳೆ ಮುರಿಯಿತು. ಒಂದು ಆಸ್ಪತ್ರೆಗೆ ಸೇರಿಸಿದೆವು. ಮನೆಯಲ್ಲಿ ಅವರ ಗುಳಿಗೆಯ ಹೊತ್ತು ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6. ಆಸ್ಪತ್ರೆಯಲ್ಲಿ ಎಲ್ಲರಿಗೂ ಕೊಡುವ ಹೊತ್ತಿಗೆ, ಊಟದ ಜೊತೆಗೆ ಕೊಟ್ಟರು. ಎರಡನೆಯ ದಿನ ಅವರಿಗೆ ಮಗ್ಗುಲು ತಿರುಗಲೂ ಆಗಲಿಲ್ಲ, ಬಾಯಿಗಿಟ್ಟ ನೀರು ನುಂಗಲೂ ಆಗಲಿಲ್ಲ. ‘ಇನ್ನು ಇವರು ಏಳುವುದಿಲ್ಲ’ ಎಂದುಕೊಂಡೆವು. ಅತ್ತೆಯವರು ಮಾತ್ರ ಬಿಡಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಹಳೆಯ ಔಷಧಿ ಚೀಟಿಯನ್ನು ಬಿಚ್ಚಿ, ವೈದ್ಯರ ಮುಂದೆ ಹಿಡಿದು, ‘ಹೊತ್ತಿಗೆ ಕೊಡಿಸಿ ಸ್ವಾಮಿ’ ಎಂದರು. ಹೊತ್ತು ಸರಿಯಾದ ಮೇಲೆ ಮಾವ ನಾಲ್ಕನೆಯ ದಿನ ಎದ್ದು ಕುಳಿತರು. ಅತ್ತೆಗೆ ಅಕ್ಷರ ಬರುವುದಿಲ್ಲ, ಗಡಿಯಾರ ಬರುತ್ತದೆ.

ಮನೆಯವರು ಮಾಡಬೇಕಾದುದು

1. ಗುಳಿಗೆಯ ಹೆಸರು ಮತ್ತು ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಜೇಬಿನಲ್ಲಿಡಿ. ನಿಮ್ಮಷ್ಟಕ್ಕೆ ನೀವೇ ಗುಳಿಗೆ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

2. ಲೆವೊಡೋಪ ಗುಳಿಗೆಯನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ ನೀರಿನಲ್ಲಿ ಕೊಡುತ್ತಾರೆ. ಹಾಲು, ಬೇಳೆ, ಮೊಟ್ಟೆ, ಮಾಂಸ ಇವುಗಳ ಜೊತೆ ಕೊಟ್ಟರೆ ಕೆಲವರಿಗೆ ಅದು ಸರಿಯಾಗಿ ಹತ್ತುವುದಿಲ್ಲ. ಹಾಗೆಂದು ಆ ಆಹಾರ ಬಿಡಬಾರದು. ಹೊತ್ತನ್ನು ಬೇರೆ ಮಾಡಿ. ಓಕರಿಕೆ ಬಂದರೆ ವೈದ್ಯರನ್ನು ಕೇಳಿ.

3. ವಾಂತಿಗೆ, ತಲೆಸುತ್ತಿಗೆ ಅಂಗಡಿಯಲ್ಲಿ ಕೇಳಿ ಗುಳಿಗೆ ತರಬೇಡಿ. ಮೆಟೊಕ್ಲೊಪ್ರಮೈಡ್, ಸಿನ್ನರಿಜಿನ್ ಮೊದಲಾದವು ಈ ಕಾಯಿಲೆಯನ್ನು ಹೆಚ್ಚಿಸುತ್ತವೆ.

4. ಬಾಗಿಲಲ್ಲಿ, ತಿರುವಿನಲ್ಲಿ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುತ್ತದೆ. ಆಗ ಕೈ ಹಿಡಿದು ಎಳೆಯಬೇಡಿ, ಬೀಳುತ್ತಾರೆ. ಹೊಸಲಿನ ಹತ್ತಿರ ನೆಲಕ್ಕೆ ಅಡ್ಡಗೆರೆಗಳನ್ನು ಎಳೆಯಿರಿ, ‘ಗೆರೆ ದಾಟಿ’ ಎನ್ನಿ. ‘ಒಂದು, ಎರಡು’ ಎಂದು ಎಣಿಸಿದರೂ ಹೆಜ್ಜೆ ಬರುತ್ತದೆ. ನಮ್ಮ ಅತ್ತೆ ರಂಗೋಲಿ ಪುಡಿಯಲ್ಲೇ ಗೆರೆ ಎಳೆಯುತ್ತಾರೆ.

5. ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪವಾಗಿ ಉಣಿಸಿ. ನೀರು ಕುಡಿಯುವಾಗ ಕೆಮ್ಮು ಬಂದರೆ ಉಪೇಕ್ಷೆ ಮಾಡಬೇಡಿ. ಅನ್ನನೀರು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ.

6. ದಿನವೂ ನಡೆಸಿ, ಕೈಕಾಲು ಆಡಿಸಿ. ಸೊಪ್ಪು, ಹಣ್ಣು, ನೀರು ಸಾಕಷ್ಟು ಇರಲಿ. ಹಾಸಿಗೆಯಿಂದ ಒಮ್ಮೆಲೇ ಏಳಬಾರದು. ಸ್ವಲ್ಪ ಕುಳಿತು ಆಮೇಲೆ ಏಳಲಿ.

7. ಇಲ್ಲದ ಜನ, ಪ್ರಾಣಿ ಕಂಡಂತೆ ಮಾತಾಡಿದರೆ ದೆವ್ವವೆಂದು ಮಂತ್ರ ಹಾಕಿಸಬೇಡಿ. ಕಾಯಿಲೆಯಿಂದಲೋ ಗುಳಿಗೆಯಿಂದಲೋ ಹಾಗಾಗುವುದುಂಟು. ಮನಸ್ಸು ಕುಗ್ಗುವುದೂ ಈ ಕಾಯಿಲೆಯ ಒಂದು ಭಾಗವೇ. ಎರಡನ್ನೂ ವೈದ್ಯರಿಗೆ ಹೇಳಿ.

ನಸುಗುನ್ನಿಯ ಮಾತು

ಬೇಲಿಯಲ್ಲಿ ಬೆಳೆದು ಮೈಗೆ ತಗುಲಿದರೆ ತುರಿಸುವ ನಸುಗುನ್ನಿ ಎಲ್ಲರಿಗೂ ಗೊತ್ತು. ಅದರ ಬೀಜದಲ್ಲಿ ಲೆವೊಡೋಪ ಇದೆಯೆಂದು 1937ರಲ್ಲಿ ಎಂ. ದಾಮೋದರನ್, ಆರ್. ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದರು. ಇದು ನಮಗೆ ಹೆಮ್ಮೆಯ ಸಂಗತಿ. ಆದರೆ ಒಂದು ಬೀಜದಲ್ಲಿ ಎಷ್ಟಿದೆಯೆಂದು ಮನೆಯಲ್ಲಿ ತೂಗಿ ನೋಡಲಾಗದು. ಗುಳಿಗೆಯ ಮೇಲೆ ಪುಡಿಯನ್ನೂ ತಿಂದರೆ ಔಷಧಿ ವಿಪರೀತವಾಗುತ್ತದೆ. ವೈದ್ಯರಿಗೆ ತಿಳಿಸದೆ ಬಳಸಬೇಡಿ.

ಎಲ್ಲಿಗೆ ಹೋಗಬೇಕು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಚೀಟಿ ಪಡೆದು ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸಿ. ನರರೋಗ ತಜ್ಞರು ನಡಿಗೆ, ಕೈಚಲನೆ ನೋಡಿಯೇ ಹೆಚ್ಚಾಗಿ ಕಾಯಿಲೆಯನ್ನು ಗುರುತಿಸುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮಾತು ಕುಗ್ಗಿದವರಿಗೆ, ನುಂಗಲು ಕಷ್ಟವಾದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಭಾಗ್ಯ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಈ ಕಾಯಿಲೆಯೂ ಸೇರಿದೆ. ಗುರುತಿನ ಚೀಟಿಗಾಗಿ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ.

ಕೊನೆಯ ಮಾತು

ಗುಳಿಗೆಯನ್ನು ಹೊತ್ತಿಗೆ ಕೊಡಿ. ಮನುಷ್ಯನಿಗೆ ಹೊತ್ತು ಕೊಡಿ. ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ ಬೇಕಾದರೆ ಹತ್ತು ನಿಮಿಷ ಕಾಯಿರಿ. ಮುಖ ನಗದಿದ್ದರೂ ಒಳಗೆ ನಗು ಇರುತ್ತದೆ. ನೋಡಿಕೊಳ್ಳುವವರಿಗೂ ಬಿಡುವು ಬೇಕು. ಈಗ ಭಾನುವಾರಗಳಂದು ಮಾವನ ಬಳಿ ನಾನು ಕೂರುತ್ತೇನೆ, ಅತ್ತೆ ಮಗಳ ಮನೆಗೆ ಹೋಗಿಬರುತ್ತಾರೆ. ಮಾವ ಎಲೆ ಎಣಿಸುತ್ತಾರೆ. ನಾನು ಬೇಗ ಎನ್ನುವುದಿಲ್ಲ.

ಓದಿದ ಮೇಲೆ ಕೂಡಿ ಚರ್ಚಿಸಿ

1. ನಮ್ಮ ಊರಿನಲ್ಲಿ ‘ಮುಪ್ಪು’ ಎಂದು ಸುಮ್ಮನಿರುವ ಮನೆಯಲ್ಲಿ ಈ ಲಕ್ಷಣಗಳು ಇವೆಯೇ?

2. ರೋಗಿಯ ಗುಳಿಗೆಯ ಹೊತ್ತು ಮನೆಯಲ್ಲಿ ಎಷ್ಟು ಜನಕ್ಕೆ ಗೊತ್ತು?

3. ನೋಡಿಕೊಳ್ಳುವವರಿಗೆ ವಾರದಲ್ಲಿ ಒಂದು ಹೊತ್ತು ಬಿಡುವು ಕೊಡಲು ಯಾರು ಮುಂದೆ ಬರುತ್ತೀರಿ?