ಶರೀರದ ತೂಕವೂ ಮನುಷ್ಯನ ಬೆಲೆಯೂ

ಈ ಪಾಠವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸಬೇಕಾಗಿದೆ. ಪೆರೇಸಂದ್ರದಲ್ಲಿ ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತಿದ್ದಾಗ, ನ್ಯಾಯಸ್ಥಾಪಕರ ಪುಸ್ತಕದ 3ನೆಯ ಅಧ್ಯಾಯದಲ್ಲಿರುವ ಮೋವಾಬ್ಯರ ಅರಸನಾದ ಎಗ್ಲೋನನ ಚರಿತ್ರೆ ಬಂತು. ಅವನು ಸ್ಥೂಲಕಾಯನಾಗಿದ್ದನೆಂದು ಅಲ್ಲಿ ಹೇಳಿದೆ. ನಾನು ಮಕ್ಕಳನ್ನು ನಗಿಸಬೇಕೆಂದು ಕೈಗಳನ್ನು ಮುಂದೆ ಚಾಚಿ ಅವನ ಹೊಟ್ಟೆಯನ್ನು ತೋರಿಸಿ, ತೂಗಾಡುತ್ತಾ ನಡೆದೆನು. ಮಕ್ಕಳು ಬಹಳ ನಕ್ಕರು. ಆ ಸಾಯಂಕಾಲದಿಂದಲೇ ನಮ್ಮಲ್ಲಿ ದಪ್ಪನಾಗಿದ್ದ ಒಬ್ಬ ಹುಡುಗನಿಗೆ ಎಗ್ಲೋನನೆಂಬ ಹೆಸರು ಅಂಟಿತು. ಮೂರು ವಾರಗಳಾದ ಮೇಲೆ ಅವನು ಬರುವದನ್ನು ಬಿಟ್ಟನು.

ನಾನು ಅವರ ಮನೆಗೆ ಹೋದಾಗ ತಾಯಿಯು, “ಅಯ್ಯನೋರೇ, ಮಗ ಈಗ ನಮ್ಮ ಮುಂದೆ ಕೂತು ಉಣ್ಣೋದಿಲ್ಲ. ನಾವೆಲ್ಲ ಮಲಗಿದ ಮೇಲೆ ಎದ್ದು ತಂಗಳು ಮುದ್ದೆ ತಿಂತಾನೆ” ಅಂದಳು. ಆ ತಾಯಿಯೂ ದಪ್ಪನಾದವಳೇ. ಆದರೂ ಕೋಳಿ ಕೂಗುವ ಹೊತ್ತಿಗೆ ಎದ್ದು ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು, ಹೊರೆಯನ್ನು ತಲೆಯ ಮೇಲೆ ಹೊತ್ತು ಹುಳುಮನೆಗೆ ತರುವವಳು. ದಪ್ಪನಾದವರು ಮೈಗಳ್ಳರೆಂದು ಹೇಳುವವರು ಒಂದು ದಿವಸ ಆ ಹೊರೆಯನ್ನು ಎತ್ತಿ ನೋಡಲಿ.

ಸ್ಥೂಲಕಾಯರೆಲ್ಲರೂ ಹೊಟ್ಟೆಬಾಕರೆಂಬ ಭಾವನೆ ನಮ್ಮಲ್ಲಿ ಬಹಳವಾಗಿ ಉಂಟು. ಊಟಕ್ಕೂ ತೂಕಕ್ಕೂ ಸಂಬಂಧವಿಲ್ಲವೆಂದು ನಾನು ಹೇಳುವದಿಲ್ಲ; ಅತಿ ತೂಕದಿಂದ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಬರುವ ಅಪಾಯ ಹೆಚ್ಚೆಂಬದು ನಿಜ. ಆದರೆ ಕಾರಣಗಳು ಅನೇಕ. ತಂದೆತಾಯಿಗಳಿಂದ ಬಂದ ಮೈಕಟ್ಟು, ಥೈರಾಯ್ಡ್ ಗ್ರಂಥಿಯ ದೋಷ, ಸ್ಟೆರಾಯ್ಡ್ ಮೊದಲಾದ ಕೆಲವು ಔಷಧಗಳು ಇವುಗಳಲ್ಲಿ ಸೇರಿವೆ. ಮೈಯಲ್ಲಿಯ ಕೊಬ್ಬು ತಾನೇ ಲೆಪ್ಟಿನ್ ಎಂಬ ರಸವನ್ನು ರಕ್ತಕ್ಕೆ ಬಿಟ್ಟು, ಉಗ್ರಾಣದಲ್ಲಿ ಎಷ್ಟು ಉಳಿದಿದೆಯೆಂದು ಮೆದುಳಿಗೆ ತಿಳಿಸುತ್ತದೆಂಬದು 1994ರಲ್ಲಿ ಗೊತ್ತಾಯಿತು. ತೂಕ ಇಳಿದರೆ ಈ ರಸವೂ ಇಳಿದು ಹಸಿವು ಏರುತ್ತದೆ. ಕಷ್ಟಪಟ್ಟು ಇಳಿಸಿದ ತೂಕ ಮರಳಿ ಬರುವದಕ್ಕೆ ಇದೂ ಒಂದು ಕಾರಣ. ಹಾಲೆಂಡ್ ದೇಶದಲ್ಲಿ 1944-45ರ ಚಳಿಗಾಲದಲ್ಲಿ ಯುದ್ಧದ ನಿಮಿತ್ತ ಕ್ಷಾಮ ಬಿತ್ತು. ಗರ್ಭದ ಮೊದಲನೆಯ ಅರ್ಧದಲ್ಲಿ ಆ ಹಸಿವಿಗೆ ಸಿಕ್ಕಿದ ಗಂಡುಮಕ್ಕಳು 19 ವರ್ಷದವರಾದಾಗ, ಅವರೊಳಗೆ ಸ್ಥೂಲಕಾಯರು ಇತರರಿಗಿಂತ ಹೆಚ್ಚಾಗಿ ಕಂಡುಬಂದರು. ಹುಟ್ಟುವ ಮೊದಲೇ ಹಸಿದವನನ್ನು ಹೊಟ್ಟೆಬಾಕನೆಂದು ಕರೆಯುವದು ಹೇಗೆ?

ನಾಚಿಕೆಪಡಿಸಿದರೆ ತೂಕ ಇಳಿದೀತೆಂದು ಕೆಲವರು ತಿಳಿಯುತ್ತಾರೆ. ಅಮೇರಿಕಾದಲ್ಲಿ 6,000ಕ್ಕೂ ಹೆಚ್ಚು ಮಂದಿಯನ್ನು ನಾಲ್ಕು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಪರಿಶೋಧನೆಯು ಇದಕ್ಕೆ ವಿರೋಧವಾದದ್ದನ್ನು ತೋರಿಸಿತು. ಮೊದಲು ಸ್ಥೂಲಕಾಯರಲ್ಲದವರೊಳಗೆ, ತೂಕದ ನಿಮಿತ್ತ ಹೀನೈಸಲ್ಪಟ್ಟವರು ಮುಂದೆ ಸ್ಥೂಲಕಾಯರಾಗುವ ಸಂಭವವು ಇತರರಿಗಿಂತ ಸುಮಾರು ಎರಡೂವರೆ ಪಟ್ಟಿತ್ತು. ಇದನ್ನು ಓದಿದಾಗ ನನಗೆ ಆ ತಂಗಳು ಮುದ್ದೆಯ ನೆನಪಾಯಿತು.

ನಾಚಿಕೆಯು ಇನ್ನೂ ದೂರ ಕೊಂಡೊಯ್ಯಬಲ್ಲದು. ಕನ್ನಡ ಧಾರಾವಾಹಿಗಳಲ್ಲಿ ಅಭಿನಯಿಸುತ್ತಿದ್ದ ಚೇತನಾ ರಾಜ್ ಎಂಬಾಕೆಯು 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಬಳಿಕ ತೀರಿಕೊಂಡಳು. ಆಕೆಗೆ 21 ವರ್ಷ. ಆಕೆಯ ಮನಸ್ಸಿನಲ್ಲಿ ಏನಿತ್ತೆಂದು ನಾವು ಹೇಳಲಾರೆವು. ಆದರೆ ಹೆಣ್ಣು ನೋಡುವದಕ್ಕೆ ಬಂದವರು ಹೆಣ್ಣಿನ ಎದುರಿನಲ್ಲಿಯೇ ಆಕೆಯ ಮೈಯನ್ನು ಅಳೆದು ಮಾತಾಡುವದನ್ನು ನಮ್ಮ ಸಭೆಯ ಮನೆಗಳಲ್ಲಿಯೂ ನಾನು ಕೇಳಿದ್ದೇನೆ.

ತೆಳ್ಳಗಿರುವವರಿಗೂ ಬಿಡುಗಡೆಯಿಲ್ಲ; ಕಡ್ಡಿ, ಒಣಕಲು ಎಂಬ ಹೆಸರುಗಳು ಅವರಿಗೆ ಸಿದ್ಧವಾಗಿವೆ. ನಮ್ಮ ದೇಶದಲ್ಲಿ 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡಾ 24 ಮಂದಿ ಅತಿ ತೂಕದವರು, ಸುಮಾರು 19 ಮಂದಿ ತೀರ ಕಡಿಮೆ ತೂಕದವರು.

ಇನ್ನು ದಾನಿಯೇಲನ ಪುಸ್ತಕದ 1ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಹತ್ತು ದಿವಸ ಕಾಯಿಪಲ್ಯವನ್ನೂ ನೀರನ್ನೂ ಸೇವಿಸಿದ ನಾಲ್ವರು ಯೌವನಸ್ಥರು, ಅರಸನ ಭೋಜನವನ್ನು ಉಂಡವರಿಗಿಂತ ಮೈತುಂಬಿಕೊಂಡು ಕಾಣಿಸಿದರು. ಅಲ್ಲಿ ಮೈತುಂಬಿಕೊಂಡಿರುವದೇ ಆರೋಗ್ಯದ ಗುರುತು, ದೇವರ ದಯೆಯ ಗುರುತು. ಒಂದೇ ಸತ್ಯವೇದದಲ್ಲಿ ಎಗ್ಲೋನನೂ ಇದ್ದಾನೆ, ಇವರೂ ಇದ್ದಾರೆ. ಎಗ್ಲೋನನ ಹೊಟ್ಟೆಯನ್ನು ಮಾತ್ರ ಆರಿಸಿಕೊಂಡು ಕುಣಿದವನು ನಾನು.

ನಾನು ಮಕ್ಕಳ ಮುಂದೆಯೇ ನನ್ನ ತಪ್ಪನ್ನು ಒಪ್ಪಿಕೊಂಡೆನು. ಹುಡುಗನ ಮನೆಗೂ ಹೋಗಿ ಕ್ಷಮೆ ಕೇಳಿದೆನು. ಅವನು ತಲೆಯಾಡಿಸಿದನೇ ಹೊರತು ಮಾತಾಡಲಿಲ್ಲ. ಕಳೆದ ಭಾನುವಾರ ಬಾಗಿಲ ಬಳಿಯ ಕಟ್ಟೆಯ ಮೇಲೆ ಕೂತು ಹೊರಗಿನಿಂದಲೇ ಪಾಠ ಕೇಳಿ, ಪ್ರಾರ್ಥನೆ ಮುಗಿಯುವ ಮೊದಲೇ ಎದ್ದುಹೋದನು.