ಜಾಲತಾಣದ ಅಡಿಭಾಗ: ಒಂಬತ್ತನೇ ತರಗತಿಗೆ ಒಂದು ಪಾಠ

ಬೋಧನಾಭ್ಯಾಸದ 40 ನಿಮಿಷಗಳ ಈ ಪಾಠವನ್ನು ನಾನು ಟ್ಯಾಗ್‌ನಿಂದ ಆರಂಭಿಸಲಿಲ್ಲ. ‘ನಮ್ಮ ಶಾಲೆಯ ಜಾಲತಾಣ ತೆರೆದು ಪುಟದ ತಳದವರೆಗೆ ಇಳಿಯುವವರು ಯಾರು? ಏನು ಹುಡುಕುತ್ತಾರೆ?’ ಎಂದು ಕೇಳಿದೆ. ವಿಳಾಸ, ಕಚೇರಿಯ ದೂರವಾಣಿ, ಕೆಲಸದ ವೇಳೆ ಎಂಬ ಉತ್ತರಗಳು ಬಂದವು. ಒಬ್ಬಳು, ‘ಹೆಡ್‌ಮಾಸ್ಟರ್ ಮೊಬೈಲ್ ನಂಬರೂ ಹಾಕೋಣ ಮಿಸ್’ ಎಂದಳು. ಅಲ್ಲೇ ಹತ್ತು ನಿಮಿಷ ನಿಂತೆವು. ಅಡಿಭಾಗ ಪ್ರತಿ ಪುಟದಲ್ಲೂ ಕಾಣಿಸಿಕೊಳ್ಳುತ್ತದೆ; ಅಲ್ಲಿ ಹಾಕಿದ ಖಾಸಗಿ ಸಂಖ್ಯೆ ಯಾರ ಕೈಗೆ ಬೇಕಾದರೂ ಸಿಗುತ್ತದೆ. ಕಚೇರಿಯ ಸಂಖ್ಯೆಯೇ ಸಾಕೆಂದು ಕೊನೆಗೆ ಮಕ್ಕಳೇ ತೀರ್ಮಾನಿಸಿದರು. ಪಾಠದ ತಿರುಳು ಇದೇ ಎಂದು ನನ್ನ ಅಭಿಪ್ರಾಯ.

2014ರಲ್ಲಿ ಡಬ್ಲ್ಯು3ಸಿ ಶಿಫಾರಸು ಮಾಡಿದ ಎಚ್‌ಟಿಎಂಎಲ್5ರಲ್ಲಿ ಇದಕ್ಕೆಂದೇ ‘ಫೂಟರ್’ ಟ್ಯಾಗ್ ಇದೆ. ಅದನ್ನು ಕಲಿಸಲು ಐದು ನಿಮಿಷ ಸಾಕು. ಹೆಚ್ಚು ಹೊತ್ತು ಬೇಕಾದದ್ದು ಬಣ್ಣಕ್ಕೆ. ಬೂದು ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರ ಮಕ್ಕಳಿಗೆ ಬಲು ಇಷ್ಟ! ಹಿಂದಿನ ಬೆಂಚಿನವರಿಂದ ಓದಿಸಿದಾಗ ತೊಡಕು ತಿಳಿಯಿತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ವೈದೃಶ್ಯದ ಅನುಪಾತ ಕನಿಷ್ಠ 4.5:1 ಇರಬೇಕೆಂದು ಡಬ್ಲ್ಯುಸಿಎಜಿಯ ‘ಎಎ’ ಮಟ್ಟ ಹೇಳುತ್ತದೆ. ಬಿಳಿಯ ಮೇಲೆ ಕಪ್ಪಿಗೆ ಅದು 21:1.

© ಚಿಹ್ನೆ ಹಾಕಿದರಷ್ಟೇ ಹಕ್ಕು ಬರುತ್ತದೆಂದು ಹಲವರು ನಂಬಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಕೃತಿ ರಚನೆಯಾದಾಗಲೇ ಹಕ್ಕು ಹುಟ್ಟುತ್ತದೆ. ಬೇರೆಯವರ ಚಿತ್ರದ ಕೆಳಗೆ ನಮ್ಮ ಹೆಸರಿನ ಚಿಹ್ನೆ ಹಾಕಿದ ಮಾತ್ರಕ್ಕೆ ಅದು ನಮ್ಮದಾಗದು.

ಮೌಲ್ಯಮಾಪನಕ್ಕೆ ಊರಿನ ಗ್ರಂಥಾಲಯದ ಜಾಲತಾಣಕ್ಕೊಂದು ಅಡಿಭಾಗವನ್ನು ಹಾಳೆಯಲ್ಲಿ ಬರೆಸಿದೆ. ಬರೆದ ಮೇಲೆ ಹಾಳೆಯನ್ನು ಮೊಬೈಲಿನ ಅಗಲಕ್ಕೆ ಮಡಚಿಸಿದೆ. ಮೂರು ಕಂಬಸಾಲು ಬರೆದವರು ರಬ್ಬರ್ ಹುಡುಕತೊಡಗಿದರು.