ಗಂಟೆ, ಮಂಗ ಮತ್ತು ಸ್ಕ್ರೀನ್ ರೆಕಾರ್ಡಿಂಗ್

ವಾರಾಣಸಿಯ ಜಂಗಮವಾಡಿ ಮಠದ ಆಸುಪಾಸಿನ ಗಲ್ಲಿಯಲ್ಲಿ ನನ್ನ ಮನೆ. ಪದವಿ ವಿದ್ಯಾರ್ಥಿಗಳಿಗೆ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಕಲಿಸುತ್ತೇನೆ. 2020ರ ಲಾಕ್‌ಡೌನಿನಲ್ಲಿ ಶುರುವಾದ ವಿಡಿಯೊ ಪಾಠ, ಕಾಲೇಜು ತೆರೆದ ಮೇಲೂ ನಿಲ್ಲಲಿಲ್ಲ: ಇಲ್ಲಿಯವರಿಗೆ ಹಿಂದಿಯಲ್ಲಿ, ಊರ ಕಡೆಯವರಿಗೆ ಕನ್ನಡದಲ್ಲಿ. ಹೊಸದಾಗಿ ಕೈಹಾಕುವ ಮೇಷ್ಟ್ರುಗಳು ಕೇಳಿದರೆ ಹೇಳುವುದು ಇಷ್ಟು.

1. ರೆಕಾರ್ಡ್ ಗುಂಡಿ ಒತ್ತುವ ಮೊದಲು ಬರೆಯಿರಿ. ಐಐಟಿ ಬಾಂಬೆಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಕಟ್ಟಿ ಬೆಳೆಸಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಕ್ರಮ ನನಗೆ ಹಿಡಿಸಿದ್ದು. ಹಾಳೆಯಲ್ಲಿ ಎರಡು ಅಂಕಣ: ಪರದೆಯ ಮೇಲೆ ಆಗಬೇಕಾದದ್ದು ಒಂದು ಕಡೆ, ಬಾಯಲ್ಲಿ ಹೇಳಬೇಕಾದದ್ದು ಇನ್ನೊಂದು ಕಡೆ. ಆಮೇಲೆ ವಿಷಯದ ಗಂಧಗಾಳಿ ಇಲ್ಲದವರಿಂದ ಅದರಂತೆಯೇ ಮಾಡಿಸಿ ನೋಡುವುದು. ನಾನು ಹಿಡಿದು ಕೂರಿಸುವುದು ಕೆಳಮನೆಯ ಹುಡುಗನನ್ನು. ಒಮ್ಮೆ ಮೊತ್ತದ ಸೂತ್ರ ಟೈಪಿಸಿ ಕೈಕಟ್ಟಿ ಕೂತ. ಯಾಕೋ ಎಂದರೆ, “ಎಂಟರ್ ಒತ್ತು ಅಂತ ಬರೆದಿಲ್ವಲ್ಲ ಆಂಟಿ!” ಇಂಥ ಹುಡುಗ ಸಿಕ್ಕರೆ ಬಿಡಬೇಡಿ, ಚಹಾ, ಕಚೋರಿ ಖರ್ಚು ದಂಡವಲ್ಲ.

2. ಹೇಳಿ, ಆಮೇಲೆ ಒತ್ತಿ, ಒತ್ತಿ ತುಸು ನಿಲ್ಲಿ. ವಿದ್ಯಾರ್ಥಿ ಬರೀ ನೋಡುತ್ತಿಲ್ಲ, ಫೋನಿನಲ್ಲಿ ನಮ್ಮ ವಿಡಿಯೊ ಇಟ್ಟುಕೊಂಡು ಲ್ಯಾಬಿನ ಕಂಪ್ಯೂಟರಿನಲ್ಲಿ ತಾನೂ ಮಾಡುತ್ತಿದ್ದಾನೆ. ಮೌಸನ್ನು ಗಿರಗಿರ ತಿರುಗಿಸಿದರೆ ಅವನಿಗೆ ಏನೂ ಹತ್ತದು. ಈ ಬಿಡುವಿಗೆ ಇನ್ನೊಂದು ಲಾಭವೂ ಇದೆ. ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಕೂಡಿಸಬಹುದು. ಸ್ಪೋಕನ್ ಟ್ಯುಟೋರಿಯಲ್‌ನವರು ಕನ್ನಡಕ್ಕೂ ಡಬ್ ಮಾಡುವುದು ಹೀಗೆಯೇ. ಪರದೆಯ ಮೇಲಿನ ಇಂಗ್ಲಿಷ್ ಹಾಗೇ ಇರುತ್ತದೆ, ಮಾತು ಮಾತ್ರ ಬದಲು. ಬಿಡುವಿಲ್ಲದ ಚಿತ್ರಕ್ಕೆ ಕನ್ನಡ ತುಂಬಿದರೆ ಮಾತು ಬಸ್ಸು ತಪ್ಪಿದವರ ಹಾಗೆ ಏದುಸಿರು ಬಿಡುತ್ತದೆ.

3. ಕರೆಂಟು ಹೋಗುತ್ತದೆ ಎಂದುಕೊಂಡೇ ಕೂರಿ. ಪರದೆ ರೆಕಾರ್ಡ್ ಮಾಡುವ ಒಬಿಎಸ್ ಸ್ಟುಡಿಯೊ ಪುಕ್ಕಟೆ ಸಿಗುತ್ತದೆ, ನಮ್ಮ ಕೆಲಸಕ್ಕೆ ಧಾರಾಳ. ಅದರಲ್ಲಿ ಎಂಕೆವಿ ಮಾದರಿಯಲ್ಲೇ ರೆಕಾರ್ಡ್ ಮಾಡಿ. ಸಾಮಾನ್ಯ ಎಂಪಿ4 ಫೈಲು ಓದಲು ಬೇಕಾದ ಸೂಚಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ನಡುವೆ ಕಂಪ್ಯೂಟರ್ ಆರಿದರೆ ಇಡೀ ಫೈಲು ಹೋದಂತೆಯೇ. ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಬೇಕಾದಾಗ ಫೈಲ್ ಮೆನುವಿನ ‘ರೀಮಕ್ಸ್ ರೆಕಾರ್ಡಿಂಗ್ಸ್’ನಿಂದ ಎಂಪಿ4 ಮಾಡಿಕೊಳ್ಳಿ.

4. ಅಕ್ಷರ ದೊಡ್ಡದಿರಲಿ. ಪರದೆಯನ್ನು 1280×720ಕ್ಕೆ ಇಳಿಸಿ, ಕ್ಯಾಲ್ಕ್‌ನ ಝೂಮ್ ಶೇಕಡಾ 150ಕ್ಕೆ ಏರಿಸಿ. ವಾಟ್ಸಾಪ್ ಮುಚ್ಚಿ, ನಿಮ್ಮ ಒಟಿಪಿ ಯಾರ ಪಠ್ಯವೂ ಅಲ್ಲ.

5. ಚಿತ್ರ ಬೇರೆ, ಧ್ವನಿ ಬೇರೆ. ಕಾಶಿಯಲ್ಲಿ ನಸುಕಿಗೆ ಗುಡಿಗಂಟೆ, ಸಂಜೆ ಆರತಿಯ ಮೈಕು, ಲಗ್ನದ ದಿನಗಳಲ್ಲಿ ಬ್ಯಾಂಡ್ ಬಾಜಾ. ಚಿತ್ರ ಯಾವಾಗಲಾದರೂ ತೆಗೆಯಬಹುದು, ಮಾತಿಗೆ ಮಟಮಟ ಮಧ್ಯಾಹ್ನವೇ ವಾಸಿ. ಕಾಲರಿಗೆ ಸಿಕ್ಕಿಸುವ ಮೈಕು, ಕಿಟಕಿಗೆ ಒಂದು ರಜಾಯಿ. ಸದ್ದು ಕಳೆಯುವ ಫಿಲ್ಟರನ್ನು ಅತಿಯಾಗಿ ಹಚ್ಚಿದರೆ ಪದಗಳ ಕೊನೆಯಕ್ಷರವನ್ನೂ ನುಂಗುತ್ತದೆ. ದೂರದ ಗಂಟೆ ಸಣ್ಣಗೆ ಕೇಳಿದರೆ ಕೇಳಲಿ, ನಾನಂತೂ ತಲೆಕೆಡಿಸಿಕೊಳ್ಳುವುದಿಲ್ಲ.

6. ತುಂಡು ಚಿಕ್ಕದಿರಲಿ. ಗಂಗೆಯ ಘಾಟುಗಳ ವೈಫೈಗೆಂದು ಎಳೆದ ಫೈಬರ್ ಕೇಬಲ್ಲನ್ನು ಮಂಗಗಳು ಕಡಿದು ಹಾಕುತ್ತಿವೆ ಎಂದು 2015ರಲ್ಲಿ ಸುದ್ದಿಯಾಗಿತ್ತು. ಈಗಲೂ ನೆಟ್ ಹೋದರೆ ನಾವು ಮೊದಲು ನೋಡುವುದು ಮಾಳಿಗೆಯನ್ನು. ಐದಾರು ನಿಮಿಷದ ಫೈಲಾದರೆ ನೆಟ್ ಬಂದ ಹೊತ್ತಿನಲ್ಲಿ ಏರಿಸಿಬಿಡಬಹುದು, ಮಕ್ಕಳ ಡೇಟಾವೂ ಉಳಿಯುತ್ತದೆ. ಕ್ಯಾಲ್ಕ್‌ನ ಹೊಸ ಆವೃತ್ತಿಯಲ್ಲಿ ಮೆನು ಜಾಗ ಬದಲಿಸಿತೆಂದರೆ ಆ ಒಂದು ತುಂಡನ್ನಷ್ಟೇ ಮತ್ತೆ ಮಾಡಿದರಾಯಿತು. ಅದಕ್ಕೇ ಮೊದಲ ಪರದೆಯಲ್ಲಿ ಆವೃತ್ತಿಯ ಸಂಖ್ಯೆ ಹಾಕಿ, ಎರಡಂಕಣದ ಆ ಹಾಳೆಯನ್ನು ರದ್ದಿಗೆ ಹಾಕದೆ ಎತ್ತಿಡಿ.